ಒಂದೇ ವಲಸೆ, ಒಂದೇ ಕಥೆ? ಅವಿನಾಶಿ ಸೀಮೆಯ ಕನ್ನಡಿಗರ ಪರಂಪರೆಯ ನೆನಪು

ಅವಿನಾಶಿ, ಸತ್ಯಮಂಗಲ, ಕೊಯಮತ್ತೂರುಗಳ ಸುತ್ತಿನ ಊರುಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಸಮುದಾಯಗಳು ಹಲವು. ನೇಯ್ಗೆಯ ದೇವಾಂಗರೂ ಬೇಸಾಯದ ಒಕ್ಕಲಿಗರೂ ಅವುಗಳಲ್ಲಿ ಮುಖ್ಯರು. ಇವರಲ್ಲಿ ಬಹುಪಾಲು ಜನರ ಓದುಬರಹ ತಮಿಳಿನಲ್ಲಿ. ಕನ್ನಡವೆಂಬುದು ಕಿವಿಯ ಭಾಷೆ, ನಾಲಗೆಯ ಭಾಷೆ. ಆದ್ದರಿಂದ ಇವರ ಚರಿತ್ರೆಯ ದೊಡ್ಡ ಪಾಲು ಹಿರಿಯರ ಬಾಯಿಮಾತಿನಲ್ಲಿಯೇ ಇದೆ. ಆ ಬಾಯಿಮಾತನ್ನು ಕಾಪಾಡಬೇಕೆಂಬ ಎಚ್ಚರ ಇತ್ತೀಚಿನ ವರ್ಷಗಳಲ್ಲಿ ಕುಲದ ಸಂಘಗಳಲ್ಲಿಯೂ ಜಾಲತಾಣದ ಬಳಗಗಳಲ್ಲಿಯೂ ಮೂಡಿರುವುದು ಸಂತೋಷದ ಸಂಗತಿ. ಆದರೆ ಕಾಪಾಡುವ ಉತ್ಸಾಹದ ಜೊತೆಯಲ್ಲಿಯೇ ಇನ್ನೊಂದು ಪ್ರವೃತ್ತಿಯೂ ಬೆಳೆದಿದೆ. ಹಲವು ನೆನಪುಗಳ ನಡುವೆ ಒಂದನ್ನು ಅಧಿಕೃತವೆಂದು ಆರಿಸಿ, ಉಳಿದವನ್ನು ತಪ್ಪೆಂದು ತಿದ್ದುವುದು, ಪ್ರಶ್ನಿಸಿದವರನ್ನು ಕುಲದ್ರೋಹಿಗಳೆಂದು ಕಾಣುವುದು ಅದರ ಲಕ್ಷಣ. ಈ ಒಮ್ಮತದ ಒತ್ತಾಯವು ತಾನು ಉಳಿಸಬೇಕೆಂದ ಪರಂಪರೆಯನ್ನೇ ಸವೆಸುತ್ತದೆ ಎಂಬುದನ್ನು ವಲಸೆಯ ಕಥೆಯೊಂದರ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೊಂಗುನಾಡಿನಲ್ಲಿಯೂ ಅದರ ನೆರೆಯಲ್ಲಿಯೂ ಪ್ರಚಲಿತವಾಗಿರುವ ಕಥೆಯ ಸ್ಥೂಲರೂಪ ಇದು: ಬಡಗಣ ಸೀಮೆಯಲ್ಲಿ ನೆಮ್ಮದಿಯಾಗಿದ್ದ ಕುಲದ ಚೆಲುವೆಯೊಬ್ಬಳನ್ನು ಅನ್ಯಮತದ ದೊರೆ ಬಯಸಿದನು, ಹೆಣ್ಣು ಕೊಡಲೊಲ್ಲದ ಹಿರಿಯರು ರಾತ್ರೋರಾತ್ರಿ ಊರು ಬಿಟ್ಟರು, ದಾರಿಯಲ್ಲಿ ದೈವಸಹಾಯ ದೊರೆಯಿತು. ಇಂದು ಹೆಚ್ಚಾಗಿ ಹರಡಿರುವ ರೂಪದಲ್ಲಿ ಆ ದೊರೆಗೆ ಟಿಪ್ಪುವಿನ ಹೆಸರಿದೆ.

ತೌಲನಿಕ ಸಾಹಿತ್ಯದ ವಿದ್ಯಾರ್ಥಿಗೆ ಮೊದಲು ಎದ್ದುಕಾಣುವುದು ಈ ಕಥೆ ಯಾವ ಒಂದು ಕುಲದ ಸೊತ್ತೂ ಅಲ್ಲವೆಂಬುದು. ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ 1909ರಲ್ಲಿ ಏಳು ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕೋಶದಲ್ಲಿ ಮಧುರೆ ಸೀಮೆಯ ಕನ್ನಡ ಮಾತಿನ ಕಾಪ್ಪಿಲಿಯರ ಹೆಸರಿನಲ್ಲಿ ಇದು ದಾಖಲಾಗಿದೆ. ತೆಲುಗು ಮಾತಿನ ತೊಟ್ಟಿಯರ ಹೆಸರಿನಲ್ಲಿಯೂ ದಾಖಲಾಗಿದೆ. ಎರಡರಲ್ಲಿಯೂ ಓಡಿಬಂದವರನ್ನು ಹೊಳೆ ದಾಟಿಸುವುದು ಬಾಗಿ ಸೇತುವೆಯಾದ ಹೊಂಗೆಯ ಮರ. ನೀಲಗಿರಿಯ ಬಡಗರಲ್ಲಿ ಅದು ಅಣ್ಣತಮ್ಮಂದಿರು ತಂಗಿಯೊಬ್ಬಳ ಮಾನ ಕಾಯಲು ಬೆಟ್ಟವೇರಿದ ಕಥೆಯಾಗಿದೆ. ಹೀಗೆ ಎರಡು ಭಾಷೆ, ಮೂರು ಸಮುದಾಯಗಳಲ್ಲಿ ಒಂದೇ ಆಶಯವು ನೆಲೆಗೊಂಡಿದೆ. ಪ್ರತಿಯೊಂದು ಕುಲವೂ ಇದನ್ನು ತನ್ನ ಪೂರ್ವಜರ ಕಣ್ಣೆದುರು ನಡೆದ ಘಟನೆಯೆಂದು ನಂಬುವಾಗ, ನೆರೆಯವರಲ್ಲಿಯೂ ಇದೇ ಕಥೆಯಿದೆ ಎಂಬ ಸರಳ ಮಾತು ಕೂಡ ಅವಮಾನವೆಂದು ತೋರುವುದುಂಟು.

ಕಾಲನಿರ್ಣಯದ ಪ್ರಶ್ನೆ ಇನ್ನೂ ತೊಡಕಿನದು. ಯೇಸುಸಭೆಯ ಪಾದ್ರಿ ಫೆನೀಸಿಯೊ 1603ರಲ್ಲಿ ನೀಲಗಿರಿಯನ್ನು ಹತ್ತಿ ಬರೆದ ವರದಿಯಲ್ಲಿ ಬಡಗರ ಉಲ್ಲೇಖವಿದೆ. ಟಿಪ್ಪು ಆಳಿದ್ದು 1782ರಿಂದ 1799ರವರೆಗೆ. ಎಂದರೆ ಅವನು ಪಟ್ಟಕ್ಕೆ ಬರುವುದಕ್ಕೆ ಸುಮಾರು 180 ವರ್ಷಗಳ ಮೊದಲೇ ಬಡಗರು ಬೆಟ್ಟದ ಮೇಲಿದ್ದರು. ಬಡಗರ ಸಾಮಾಜಿಕ ಚರಿತ್ರೆಯನ್ನು 1980ರಲ್ಲಿ ಪ್ರಕಟಿಸಿದ ಪಾಲ್ ಹಾಕಿಂಗ್ಸ್ ತಮ್ಮ ನಿರೂಪಣೆಯನ್ನು 1550ರಿಂದ ಆರಂಭಿಸುತ್ತಾರೆ. ಆದುದರಿಂದ ಕನಿಷ್ಠಪಕ್ಷ ಬಡಗರ ಮಟ್ಟಿಗೆ ಟಿಪ್ಪುವಿನ ಹೆಸರು ಕಥೆಗೆ ಆಮೇಲೆ ಸೇರಿದ್ದು. ಇತರ ಕುಲಗಳ ಮಟ್ಟಿಗೂ ದೊರೆಯ ಹೆಸರನ್ನು ಪರೀಕ್ಷಿಸದೆ ಒಪ್ಪುವಂತಿಲ್ಲ. ಇದರಿಂದ ಕಥೆ ಸುಳ್ಳಾಗುವುದಿಲ್ಲ. ಹೆಣ್ಣಿನ ಕೊಡುಕೊಳೆಯ ಕಟ್ಟುಪಾಡು, ಮರದ ಮೇಲಿನ ಪೂಜ್ಯಭಾವ, ಪರನಾಡಿನಲ್ಲಿ ನೆಲೆಯೂರುವ ಹಕ್ಕಿನ ಸಮರ್ಥನೆ ಇವೆಲ್ಲವನ್ನೂ ಅದು ಹೊತ್ತಿದೆ. ಹೆಸರು ಮಾತ್ರ ಆಯಾ ಕಾಲದ ಕೇಳುಗರಿಗೆ ಪರಿಚಿತವಾದದ್ದು ಬಂದು ಕೂರುತ್ತದೆ.

ಒಂದೇ ವಲಸೆಯೆಂಬ ಕಲ್ಪನೆಗೆ ಈ ಸೀಮೆಯ ರಾಜಕೀಯ ಚರಿತ್ರೆಯೂ ಹೊಂದುವುದಿಲ್ಲ. ಹೊಯ್ಸಳ ದಂಡನಾಯಕರ ಕಾಲದಿಂದಲೇ ಮೋಯಾರು, ಭವಾನಿ ಹೊಳೆಗಳ ಕಡೆಗೆ ಕನ್ನಡ ಅಧಿಕಾರಿಗಳ ಸಂಚಾರವಿತ್ತು. ಅವರ ನೆನಪನ್ನು ಹೆಸರಿನಲ್ಲಿ ಹೊತ್ತಿದ್ದ ದಣಾಯಕನಕೋಟೆ ಈಗ ಭವಾನಿಸಾಗರದ ನೀರಿನಡಿಯಲ್ಲಿದೆ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಮತ್ತು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಕೊಂಗಿನ ಮೇಲೆ ಮೈಸೂರಿನ ಹಿಡಿತ ಬಲಿಯಿತು. 1799ರವರೆಗೂ ಅದು ಉಳಿಯಿತು. ಗಜ್ಜಲಹಟ್ಟಿಯ ಕಣಿವೆ ಮೈಸೂರನ್ನೂ ಕೊಂಗನ್ನೂ ಕೂಡಿಸುವ ದಾರಿಯಾಗಿತ್ತು. ಕಂಪನಿ ಸರಕಾರ ಬಂದ ಮೇಲೂ ಈ ನಂಟು ಕಡಿಯಲಿಲ್ಲ. ಕನ್ನಡ ಸೀಮೆಯಾದ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ಅವಿನಾಶಿಯೂ ಕೊಳ್ಳೇಗಾಲವೂ ಒಂದೇ ಕಲೆಕ್ಟರರ ಅಧೀನದಲ್ಲಿದ್ದವು. ಇಂಥ ನೆಲದಲ್ಲಿ ದಂಡಿನೊಡನೆ ಬಂದವರು, ಮಗ್ಗದ ಕೆಲಸ ಅರಸಿ ಬಂದವರು, ಬರಗಾಲಕ್ಕೆ ಇಳಿದವರು, ಮದುವೆಯಾಗಿ ಬಂದ ಹೆಣ್ಣುಮಕ್ಕಳು ಎಲ್ಲರೂ ಇದ್ದಿರಲೇಬೇಕು. ಒಂದು ರಾತ್ರಿಯ ಓಟದ ಕಥೆಯಲ್ಲಿ ಇವರಿಗೆ ಎಡೆಯಿಲ್ಲ.

ಆಚರಣೆಯ ಮಾತಿನಲ್ಲಿಯೂ ಇಂತಹುದೇ ಬೆರಕೆಯನ್ನು ಕಾಣಬಹುದು. ವಿಜಯದಶಮಿಯಂದು ಕೊಯಮತ್ತೂರಿನ ರಾಜಬೀದಿಯ ಚೌಡೇಶ್ವರಿ ಗುಡಿಗೆ ಬರುವ ಮೆರವಣಿಗೆಯಲ್ಲಿ ದೇವಾಂಗ ತರುಣರು ಕತ್ತಿಯಿಂದ ಮೈಗೆ ಹೊಡೆದುಕೊಳ್ಳುತ್ತ ‘ತೀಸುಕೋ ತಾಯೇ’ ಎಂದು ಕೂಗುತ್ತಾರೆ. ‘ತೀಸುಕೋ’ ತೆಲುಗು, ‘ತಾಯೇ’ ಕನ್ನಡವೂ ಹೌದು, ತಮಿಳೂ ಹೌದು. ಕನ್ನಡದ್ದೇ ಶುದ್ಧ ಪರಂಪರೆಯೆಂದು ಸಾಧಿಸ ಹೊರಟವರು ಇದನ್ನು ‘ತೆಗೆದುಕೋ ತಾಯೇ’ ಎಂದು ತಿದ್ದಿದರೆ ವ್ಯಾಕರಣ ಸರಿಹೋದೀತು. ಆದರೆ ತೆಲುಗು ದೇವಾಂಗರೂ ಕನ್ನಡ ದೇವಾಂಗರೂ ಒಂದೇ ಕುಲದೇವತೆಯ ಮುಂದೆ ಕೂಡಿದ ಚರಿತ್ರೆಯ ಪುರಾವೆಯೊಂದು ಆ ತಿದ್ದುಪಡಿಯಲ್ಲಿ ಅಳಿಸಿಹೋಗುತ್ತದೆ.

ಈ ಬಿಗಿತನಕ್ಕೆ ಕಾರಣವಿಲ್ಲದಿಲ್ಲ. ತನ್ನ ಭಾಷೆಯ ಶಾಲೆಯಾಗಲಿ, ಪತ್ರಿಕೆಯಾಗಲಿ ಕೈಗೆಟುಕದ ಸಣ್ಣ ಸಮುದಾಯಕ್ಕೆ ಒಂದು ಗಟ್ಟಿ ಕಥೆಯೇ ಗುರುತಿನ ಚೀಟಿ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆಯ ಕಾಯಿದೆಯ ಬಳಿಕ ಅಲ್ಪಸಂಖ್ಯಾತ ಭಾಷೆಗಳ ಮಕ್ಕಳ ಕಲಿಕೆಯ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಯಿತು. ಹೊರಗಿನ ಒತ್ತಡ ಹೆಚ್ಚಿದಂತೆ ಒಳಗಿನ ಭಿನ್ನಮತ ಅಪಾಯವೆಂದು ತೋರುವುದು ಸಹಜ. ಕರ್ನಾಟಕದ ಕಡೆಯವರ ಪಾಲೂ ಇದರಲ್ಲಿದೆ. ತಮಿಳು ಲಿಪಿಯಲ್ಲಿ ತನ್ನ ಮನೆಯ ಕನ್ನಡವನ್ನು ಬರೆದವನಿಗೆ ಇದು ಕನ್ನಡವೇ ಅಲ್ಲವೆಂದು ಹೇಳಿದಾಗ ಅವನು ಮೌನವಾಗುತ್ತಾನೆ, ಇಲ್ಲವೆ ತನ್ನದು ಬೇರೆಯೇ ಭಾಷೆಯೆಂದು ಹಟ ಹಿಡಿಯುತ್ತಾನೆ. ಎರಡೂ ಕಡೆಯ ಶುದ್ಧಿಯ ಹಂಬಲ ಒಂದನ್ನೊಂದು ಬೆಳೆಸುತ್ತದೆ.

ಇದರಿಂದ ಮೊದಲು ನಷ್ಟವಾಗುವುದು ಅಜ್ಜಿಯರ ಮಾತು. ನಮ್ಮ ಮನೆಯಲ್ಲಿ ಹೀಗೆ ಹೇಳುತ್ತಿರಲಿಲ್ಲ ಎನ್ನುವ ಕಿರಿಯರ ಬಾಯಿಯನ್ನು ಮುಚ್ಚಿಸಿದರೆ, ಮುಂದಿನ ಸಲ ಅವರು ಅಜ್ಜಿಯನ್ನು ಕೇಳುವುದನ್ನೇ ಬಿಡುತ್ತಾರೆ. ಲಿಖಿತ ಆಕರಗಳು ವಿರಳವಾದ ಸಮುದಾಯದಲ್ಲಿ ಪ್ರತಿಯೊಂದು ಪಾಠಾಂತರವೂ ಒಂದು ಶಾಸನಕ್ಕೆ ಸಮ. ಕಲ್ಲಿನ ಶಾಸನಕ್ಕೆ ಮರುಓದು ಸಾಧ್ಯ. ಹೇಳುವವರು ಹೋದ ಬಳಿಕ ಮಾತಿಗೆ ಅದು ಸಾಧ್ಯವಿಲ್ಲ.

ಹಳಗನ್ನಡ ಗ್ರಂಥಸಂಪಾದನೆಯಲ್ಲಿ ಒಪ್ಪಿದ ಪಾಠವನ್ನು ಮೇಲಿಟ್ಟು ಭಿನ್ನಪಾಠಗಳನ್ನು ಅಡಿಯಲ್ಲಿ ಉಳಿಸುವ ಪದ್ಧತಿ ನಮ್ಮಲ್ಲಿ ನೆಲೆಗೊಂಡಿದೆ. ಸಂಪಾದಕನಿಗೆ ತಪ್ಪೆಂದು ಕಂಡದ್ದು ಕೂಡ ಮುಂದಿನವರ ಪರಿಶೀಲನೆಗೆ ಅಲ್ಲಿ ಲಭ್ಯವಿರುತ್ತದೆ. ಅವಿನಾಶಿ ಸೀಮೆಯ ಕುಲಕಥೆಗಳಿಗೂ ಅದೇ ಶಿಸ್ತು ಸಲ್ಲಬೇಕು: ಹೇಳಿದವರು ಒಪ್ಪಿದರೆ ಅವರ ಹೆಸರು, ಊರು, ಕೇಳಿದ ವರ್ಷ, ಅವರು ಬಳಸಿದ ಮಾತು ಇದ್ದಂತೆಯೇ ದಾಖಲಾಗಬೇಕು, ಲಿಪಿ ತಮಿಳಾದರೂ ಸರಿ. ಹೊಂಗೆಯ ಮರ ಬಾಗಿತೆಂದು ಒಬ್ಬರು ಹೇಳಲಿ, ನಾವು ಎಲ್ಲಿಂದಲೂ ಬಂದವರಲ್ಲವೆಂದು ಮತ್ತೊಬ್ಬರು ಹೇಳಲಿ. ಎರಡೂ ಒಂದೇ ಪುಟದಲ್ಲಿ ಅಕ್ಕಪಕ್ಕದಲ್ಲಿ ನಿಲ್ಲಲಿ.