ದ್ವಿಚಕ್ರ ವಾಹನದ ಬ್ಯಾಟರಿಯನ್ನು ಮನೆಯಲ್ಲಿ ಚಾರ್ಜ್ ಮಾಡುವಾಗ ವಹಿಸಬೇಕಾದ ಎಚ್ಚರಿಕೆಗಳು

ಬಹುದಿನ ನಿಲ್ಲಿಸಿದ ಮೋಟಾರ್ ಸೈಕಲ್ಲಿನ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ. ಅದನ್ನು ಮನೆಯಲ್ಲಿಯೇ ಚಾರ್ಜ್ ಮಾಡಲು ಅಡ್ಡಿಯಿಲ್ಲ. ಆದರೆ ಅದರಲ್ಲಿನ ಅಪಾಯವನ್ನು ಅರಿತಿರುವುದು ಅವಶ್ಯ. ಈ ಮಾಹಿತಿಯು 12 ವೋಲ್ಟ್ ಸೀಸ-ಆಮ್ಲ ಬ್ಯಾಟರಿಗಳಿಗೆ ಮಾತ್ರ ಅನ್ವಯಿಸುತ್ತದೆ. ಲಿಥಿಯಂ ಬ್ಯಾಟರಿಗಳಿಗೆ ತಯಾರಕರು ಸೂಚಿಸಿದ ಚಾರ್ಜರನ್ನೇ ಬಳಸತಕ್ಕದ್ದು.

ಬ್ಯಾಟರಿಯೊಳಗೆ ದುರ್ಬಲಗೊಳಿಸಿದ ಗಂಧಕಾಮ್ಲವಿರುತ್ತದೆ. ಚಾರ್ಜ್ ಪೂರ್ಣಗೊಳ್ಳುವ ಹಂತದಲ್ಲಿ ಇದರಿಂದ ಜಲಜನಕ ಅನಿಲ ಹೊರಬರುತ್ತದೆ. ಈ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಗಾಳಿಯಲ್ಲಿ ಇದರ ಪ್ರಮಾಣ ಶೇಕಡ 4ನ್ನು ಮುಟ್ಟಿದರೆ ಒಂದು ಕಿಡಿಯಿಂದಲೇ ಹೊತ್ತಿಕೊಳ್ಳಬಲ್ಲದು; ಆಗ ಬ್ಯಾಟರಿ ಸಿಡಿದು ಆಮ್ಲವು ಮುಖಕ್ಕೆ, ಕಣ್ಣಿಗೆ ಹಾರುವ ಸಂಭವವಿದೆ. ಆದುದರಿಂದ ಅಡುಗೆಮನೆ, ದೇವರ ಕೋಣೆ, ಮಲಗುವ ಕೋಣೆಗಳಲ್ಲಿ ಚಾರ್ಜ್ ಮಾಡಬಾರದು. ಗಾಳಿಯಾಡುವ, ಮಳೆ ಬೀಳದ, ಮಕ್ಕಳ ಕೈಗೆಟುಕದ ಜಗಲಿ ಅಥವಾ ಶೆಡ್ ಸೂಕ್ತ. ಸಮೀಪದಲ್ಲಿ ಬೀಡಿ, ಸಿಗರೇಟು, ಊದುಬತ್ತಿ ಹಚ್ಚಕೂಡದು.

ವಾಹನದಿಂದ ಬ್ಯಾಟರಿ ಬಿಚ್ಚುವಾಗ ಮೊದಲು ಋಣ (−) ತಂತಿಯನ್ನು, ಅನಂತರ ಧನ (+) ತಂತಿಯನ್ನು ಕಳಚತಕ್ಕದ್ದು. ಮರುಜೋಡಣೆಯಲ್ಲಿ ಧನ ಮೊದಲು, ಋಣ ಕೊನೆಗೆ. ಋಣ ತಂತಿಯು ವಾಹನದ ಚೌಕಟ್ಟಿಗೆ ಸೇರಿರುವುದರಿಂದ, ಈ ಕ್ರಮ ತಪ್ಪಿದಲ್ಲಿ ಸ್ಪ್ಯಾನರ್ ಚೌಕಟ್ಟಿಗೆ ತಗುಲಿ ಶಾರ್ಟ್ ಸರ್ಕ್ಯೂಟ್ ಆಗಬಹುದು. ಉಂಗುರ, ಲೋಹದ ಕಡಗ ತೆಗೆದಿಟ್ಟು ಕೆಲಸ ಮಾಡುವುದು ಒಳ್ಳೆಯದು.

ಚಾರ್ಜಿಂಗ್ ಪ್ರವಾಹವು ಬ್ಯಾಟರಿಯ ಆಂಪಿಯರ್-ಅವರ್ ಸಾಮರ್ಥ್ಯದ ಹತ್ತನೇ ಒಂದರಷ್ಟಿರಬೇಕು. ಉದಾಹರಣೆಗೆ, 5 ಆಂಪಿಯರ್-ಅವರ್ ಬ್ಯಾಟರಿಗೆ 0.5 ಆಂಪಿಯರ್, 9ರದ್ದಕ್ಕೆ 0.9. ಪೂರ್ತಿ ಇಳಿದ ಬ್ಯಾಟರಿಗೆ ಈ ಲೆಕ್ಕದಲ್ಲಿ ಹತ್ತು ಗಂಟೆಗೂ ಮೇಲ್ಪಟ್ಟು ಹಿಡಿಯುತ್ತದೆ. ಬೇಗ ಮುಗಿಯಲೆಂದು ಕಾರಿನ ಅಥವಾ ಲಾರಿಯ ದೊಡ್ಡ ಚಾರ್ಜರ್ ಹಚ್ಚುವುದು ಅನೇಕರ ವಾಡಿಕೆ. ಇದರಿಂದ ಬ್ಯಾಟರಿ ಕಾದು ಉಬ್ಬುತ್ತದೆ. ಉಳಿಸಿದ ಸಮಯಕ್ಕೆ ಹೊಸ ಬ್ಯಾಟರಿಯ ಬೆಲೆ ತೆರಬೇಕಾಗುತ್ತದೆ. ಪೂರ್ಣಗೊಂಡಾಗ ತಾನೇ ನಿಲ್ಲುವ ಚಾರ್ಜರ್ ಉತ್ತಮ.

ಮೊದಲು ಕೆಂಪು ಕ್ಲಿಪ್ಪನ್ನು ಧನಕ್ಕೆ, ಕಪ್ಪು ಕ್ಲಿಪ್ಪನ್ನು ಋಣಕ್ಕೆ ಸಿಕ್ಕಿಸಿ, ಆ ಬಳಿಕವೇ ಸ್ವಿಚ್ ಹಾಕತಕ್ಕದ್ದು. ತೆಗೆಯುವಾಗ ಸ್ವಿಚ್ ಆರಿಸಿದ ನಂತರವೇ ಕ್ಲಿಪ್ ಕಳಚತಕ್ಕದ್ದು. ಕಿಡಿ ಹಾರುವುದು ಹೆಚ್ಚಾಗಿ ಈ ಎರಡು ಗಳಿಗೆಗಳಲ್ಲಿ. ಬ್ಯಾಟರಿ ಮುಟ್ಟಲಾರದಷ್ಟು ಬಿಸಿಯಾದರೆ, ಉಬ್ಬಿದರೆ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೂಡಲೇ ಗೋಡೆಯ ಸ್ವಿಚ್ ಆರಿಸಿ ದೂರ ಸರಿಯಬೇಕು. ಚಾರ್ಜ್ ಆದ ಬ್ಯಾಟರಿಯು ಕೆಲವು ಗಂಟೆ ಬಿಟ್ಟ ಮೇಲೆ ಸುಮಾರು 12.6 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ತೋರಿಸಬೇಕು.

ಮುಚ್ಚಳವಿರುವ ಹಳೆಯ ಮಾದರಿಯಲ್ಲಿ ದ್ರವವು ಕೆಳಗಿನ ಗೆರೆಗಿಂತ ಇಳಿದಿದ್ದರೆ ಡಿಸ್ಟಿಲ್ಡ್ ವಾಟರನ್ನು ಮಾತ್ರ ಹಾಕಬೇಕು. ನಲ್ಲಿ ನೀರು, ಬಾಟಲಿಯ ಕುಡಿಯುವ ನೀರು ಅದಕ್ಕೆ ಪರ್ಯಾಯವಲ್ಲ, ಆಮ್ಲವನ್ನಂತೂ ಸುರಿಯಲೇಬಾರದು. ಮೊಹರು ಮಾಡಿದ ಬ್ಯಾಟರಿಗಳನ್ನು ಯಾವ ಕಾರಣಕ್ಕೂ ತೆರೆಯಕೂಡದು.

ಆಮ್ಲ ಕಣ್ಣಿಗೆ ಬಿದ್ದರೆ ಉಜ್ಜದೆ, ಕನಿಷ್ಠ 15 ನಿಮಿಷ ಧಾರಾಳ ನೀರಿನಿಂದ ತೊಳೆದು ತಕ್ಷಣ ವೈದ್ಯರಲ್ಲಿಗೆ ಹೋಗತಕ್ಕದ್ದು. ನೆಲಕ್ಕೆ ಚೆಲ್ಲಿದ ಆಮ್ಲದ ಮೇಲೆ ಅಡುಗೆ ಸೋಡಾ ಉದುರಿಸಬಹುದು.

ಚಾರ್ಜ್ ನಿಲ್ಲದ ಬ್ಯಾಟರಿಯಲ್ಲಿ ವಿಷಕಾರಿ ಸೀಸವಿರುತ್ತದೆ. ಅದನ್ನು ಕಸದ ಗಾಡಿಗೆ ಹಾಕದೆ, ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2022ರನ್ವಯ ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವವರಿಗೆ ಒಪ್ಪಿಸತಕ್ಕದ್ದು.