ಖಾಲಿ ಬಿಟ್ಟ ನೆಲದ ಲೆಕ್ಕ

ಬೆಂಕಿ ಬಿದ್ದರೂ ನೆರೆ ನುಗ್ಗಿದರೂ ಕಂಪ್ಯೂಟರು ಕೈಕೊಟ್ಟರೂ ವ್ಯವಹಾರ ನಿಲ್ಲದಂತೆ ಮೊದಲೇ ಮಾಡಿಟ್ಟುಕೊಳ್ಳುವ ಏರ್ಪಾಡಿಗೆ ಕಂಪನಿಗಳು 'ಬಿಸಿನೆಸ್ ಕಂಟಿನ್ಯೂಟಿ' ಎನ್ನುತ್ತವೆ. ಮ್ಯಾನೇಜ್‌ಮೆಂಟ್ ಪುಸ್ತಕಗಳು ಇದರ ಚರಿತ್ರೆಯನ್ನು ಸಾಮಾನ್ಯವಾಗಿ 1970ರ ದಶಕದ ಅಮೆರಿಕದಿಂದ ಹಿಡಿಯುತ್ತವೆ. ನಾನು ಚಳ್ಳಕೆರೆ ಸೀಮೆಯ ವರವು ಕಾವಲು ಎಂಬ ಹುಲ್ಲುಗಾವಲಿನಿಂದ ಹಿಡಿಯುತ್ತೇನೆ. ಇದು ಊರಿನ ಅಭಿಮಾನದ ಮಾತಲ್ಲ. ಮಳೆಯನ್ನು ನೆಚ್ಚಿ ಬಾಳಲಾಗದ ಸೀಮೆಯಲ್ಲಿ ಈ ವಿದ್ಯೆ ತಾನಾಗಿಯೇ ಹುಟ್ಟುತ್ತದೆ.

ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿನವು. ಇಂಥ ಕಡೆ ಮನೆಯ ಏರ್ಪಾಡು ಎಂದರೆ ಹಗೇವು. ನೆಲದೊಳಗೆ ಗುಂಡಿ ತೋಡಿ, ಧಾನ್ಯ ತುಂಬಿ, ಬಾಯಿ ಮುಚ್ಚಿ, ವರ್ಷಗಟ್ಟಲೆ ಮರೆತಂತೆ ಇರುವುದು. ಊರಿನ ಏರ್ಪಾಡು ಎಂದರೆ ಕೆರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಈ ಸೀಮೆ ಇವತ್ತಿಗೂ ನೆನೆಯುವುದು ಕೆರೆ ಕಟ್ಟಿಸಿದವರೆಂದು. ಸರ್ಕಾರದ ಏರ್ಪಾಡು ಎಂದರೆ ಕಾವಲು.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡಿದ್ದ ಅರಮನೆಯ ರಾಸು ಸಾಕಣೆ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಅದರ ಹುಲ್ಲುಗಾವಲುಗಳನ್ನು ಮೂರು ಬಗೆ ಮಾಡಿದ್ದರು: ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದು. ಮಳೆಗಾಲದ ಕಾವಲಿನಲ್ಲಿ ಹುಲ್ಲು ತಾನಾಗಿ ಬರುತ್ತದೆ. ಚಳಿಗಾಲದ್ದು ನೀರು ಬತ್ತುವ ತನಕ ಸಾಕು. ಬೇಸಿಗೆ ಕಾವಲು ಕೆರೆಯಂಗಳದ ಪಕ್ಕ, ಮರದ ನೆರಳು ಇರುವ ಕಡೆ. ಅದನ್ನು ಜೋಪಾನ ಮಾಡಿ ಕಾಯ್ದಿಡಬೇಕು. ಒಂದು ಕಡೆ ಮುಗಿದರೆ ಇನ್ನೊಂದು ಕಡೆಗೆ ದನ ಹೊಡೆಯುವುದು. ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರ ತಲುಪಿದ್ದು ಈ ಎತ್ತುಗಳ ಬಲದಿಂದ ಎಂದು ಗ್ಯಾಸೆಟಿಯರುಗಳು ಬರೆಯುತ್ತವೆ. ಆ ಬಲದ ಹಿಂದೆ, ವರ್ಷದ ಬಹುಪಾಲು ಯಾರೂ ಮೇಯಿಸದೆ ಬಿಟ್ಟ ನೆಲವಿತ್ತು.

ಬಿಟ್ಟ ನೆಲ ಲೆಕ್ಕಪತ್ರ ನೋಡುವವರ ಕಣ್ಣಿಗೆ ಚುಚ್ಚುತ್ತದೆ. 1860ರಲ್ಲಿ ಖರ್ಚು ಕಡಿಮೆ ಮಾಡುವ ನೆಪದಲ್ಲಿ ಬ್ರಿಟಿಷರು ಅಮೃತ ಮಹಲ್ ಮುಚ್ಚಿ ರಾಸುಗಳನ್ನು ಮಾರಿದರು. ಒಳ್ಳೆಯ ಎತ್ತು ಸಿಗುವುದು ದುಸ್ತರವಾಗಿ ಬೆಲೆ ಏರಿತು. ಕೆಲವೇ ವರ್ಷಗಳಲ್ಲಿ, 1866ರ ಹೊತ್ತಿಗೆ, ಅದನ್ನೇ ಮತ್ತೆ ಕಟ್ಟಬೇಕಾಯಿತು. ಬದಲಿ ವ್ಯವಸ್ಥೆಗೆ ಹಣ ಕೇಳಲು ಆಡಳಿತ ಮಂಡಳಿಯ ಮುಂದೆ ನಿಲ್ಲುವ ಇಂದಿನ ಐಟಿ ಮ್ಯಾನೇಜರಿಗೆ ಈ ಕತೆ ಉಪಯೋಗಕ್ಕೆ ಬಂದೀತು.

ಹಾಗೆ ಮತ್ತೆ ಕಟ್ಟಿ ಹತ್ತು ವರ್ಷ ಕಳೆಯುತ್ತಿದ್ದಂತೆ ಧಾತು, ಈಶ್ವರ ಸಂವತ್ಸರಗಳ ಬರ ಬಂತು. 1871ರ ಜನಗಣತಿಯಲ್ಲಿ 50.5 ಲಕ್ಷ ಇದ್ದ ಮೈಸೂರು ಸೀಮೆಯ ಜನ 1881ಕ್ಕೆ 41.8 ಲಕ್ಷಕ್ಕೆ ಇಳಿದಿದ್ದರು. ಹಗೇವು, ಕೆರೆ, ಕಾವಲು ಮೂರನ್ನೂ ಮೀರಿದ ಬರ ಅದು. ಮನೆಮಟ್ಟದ ಎಚ್ಚರಿಕೆ ಸಾಲದು, ರಾಜ್ಯಮಟ್ಟದ ಯೋಜನೆ ಬೇಕು ಎಂಬ ಯೋಚನೆ ಇಲ್ಲಿಂದ ಬಲವಾಯಿತು. ವೇದಾವತಿಗೆ ಅಡ್ಡಲಾಗಿ ಹಿರಿಯೂರಿನ ಹತ್ತಿರ ಮಾರಿಕಣಿವೆ ಅಣೆಕಟ್ಟು 1907ಕ್ಕೆ ಮುಗಿಯಿತು. ಅದಕ್ಕಿಂತ ಕುತೂಹಲದ್ದು, ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು, ಮೈಸೂರು ಸರ್ಕಾರದ ಅಧಿಕಾರಿ ಜೆ. ಎಸ್. ಚಕ್ರವರ್ತಿಯವರ ಕೆಲಸ. ಮಳೆ ಇಂತಿಷ್ಟಕ್ಕಿಂತ ಕಡಿಮೆ ಬಿದ್ದರೆ ರೈತನಿಗೆ ಹಣ ಕೊಡುವ ವಿಮೆಯನ್ನು ಅವರು 1915ರಲ್ಲೇ ಸೂಚಿಸಿ, 1920ರಲ್ಲಿ ಪುಸ್ತಕವಾಗಿ ಬರೆದರು. ಬೆಳೆ ಎಷ್ಟು ಹೋಯಿತೆಂದು ಹೊಲ ಹೊಲ ಸುತ್ತಬೇಕಿಲ್ಲ, ಮಳೆಮಾಪಕ ನೋಡಿದರೆ ಸಾಕು ಎಂಬ ಸರಳ ಉಪಾಯ. ಹವಾಮಾನ ಆಧಾರಿತ ವಿಮೆ ಎಂದು ಜಗತ್ತು ಅದನ್ನು ಮತ್ತೆ ಕಂಡುಕೊಳ್ಳಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಬೇಕಾಯಿತು. ಬರದ ಮೇಲೆ ಸದಾ ಕಣ್ಣಿಡಲು ಕರ್ನಾಟಕ 1988ರಲ್ಲಿ ತೆರೆದ ಘಟಕ, ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ.

ಅತ್ತ ಕಂಪನಿಗಳ ಕತೆ ಬೇರೆ ದಾರಿ ಹಿಡಿಯಿತು. ಬ್ಯಾಂಕಿನ ಲೆಕ್ಕವೆಲ್ಲ ಒಂದು ದೊಡ್ಡ ಕಂಪ್ಯೂಟರಿಗೆ ಹೋದ ಮೇಲೆ, ಆ ಒಂದು ಕೋಣೆ ಹೋದರೆ ಎಲ್ಲವೂ ಹೋಯಿತು ಎಂಬ ಭಯ ಶುರುವಾಯಿತು. 1970ರ ದಶಕದ ಕೊನೆಗೆ ಫಿಲಡೆಲ್ಫಿಯಾದಲ್ಲಿ ಬದಲಿ ಕಂಪ್ಯೂಟರ್ ಕೇಂದ್ರವನ್ನು ಬಾಡಿಗೆಗೆ ಕೊಡುವ ವ್ಯಾಪಾರವೇ ಎದ್ದಿತು. ಯಂತ್ರಗಳು ಸಿದ್ಧವಾಗಿರುವ ಜಾಗ 'ಹಾಟ್ ಸೈಟ್'. ಸೂರು, ಕರೆಂಟು ಮಾತ್ರ ಇರುವುದು 'ಕೋಲ್ಡ್ ಸೈಟ್'. ಬೇಸಿಗೆ ಕಾವಲು, ಚಳಿಗಾಲದ ಕಾವಲು ನೆನಪಾಗಿ ನನಗೆ ನಗು ಬರುತ್ತದೆ. ಅರ್ಥ ಬೇರೆ, ಆದರೂ ನಿಜವಾದ ಕಷ್ಟಕಾಲಕ್ಕೆ ಆಗುವುದು ಎರಡು ಕಡೆಯೂ 'ಹಾಟ್' ಆದದ್ದೇ.

2001ರ ಸೆಪ್ಟೆಂಬರ್ 11 ಈ ವಿದ್ಯೆಯ ದೊಡ್ಡ ಪಾಠ. ನ್ಯೂಯಾರ್ಕ್ ನಗರದ ತುರ್ತು ನಿರ್ವಹಣಾ ಕೇಂದ್ರ ಇದ್ದದ್ದೇ ವರ್ಲ್ಡ್ ಟ್ರೇಡ್ ಸೆಂಟರಿನ ಏಳನೇ ಕಟ್ಟಡದಲ್ಲಿ. ಕೊಡಲಿ ಬೀಳುವ ಕೊಂಬೆಯಲ್ಲೇ ಗೂಡು. ಬದಲಿ ಜಾಗ ದೂರವಿರಬೇಕು, ಯಂತ್ರದಷ್ಟೇ ಜನರ ಬಗ್ಗೆಯೂ ಯೋಚಿಸಬೇಕು ಎಂಬುದು ಆಮೇಲೆ ನಿಯಮಗಳಿಗೆ ಇಳಿಯಿತು. ನಮ್ಮ ರಿಸರ್ವ್ ಬ್ಯಾಂಕ್ 2005ರಲ್ಲಿ ಬ್ಯಾಂಕುಗಳಿಗೆ ವಿವರವಾದ ಸೂಚನೆ ಕೊಟ್ಟಿತು. 2012ರಲ್ಲಿ ಐಎಸ್‌ಓ 22301 ಎಂಬ ಜಾಗತಿಕ ಮಾನದಂಡ ಬಂತು. 2015ರ ಚೆನ್ನೈ ನೆರೆಯಲ್ಲಿ ಐಟಿ ಕಂಪನಿಗಳು ಕೆಲಸವನ್ನೂ ಕೆಲಸಗಾರರನ್ನೂ ಬೆಂಗಳೂರಿನಂಥ ಊರುಗಳಿಗೆ ಸಾಗಿಸಿದವು. 2022ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯೇ ಮುಳುಗಿತು.

ಇದೆಲ್ಲದರ ತಿರುಳು ಎರಡು ಪ್ರಶ್ನೆ. ಎಷ್ಟು ಹೊತ್ತಿನೊಳಗೆ ಮತ್ತೆ ಅಂಗಡಿ ತೆರೆಯಬೇಕು? ಎಷ್ಟು ಹೊತ್ತಿನ ಲೆಕ್ಕ ಕಳೆದುಹೋದರೆ ತಡೆದುಕೊಳ್ಳಬಹುದು? ಮೊದಲನೆಯದಕ್ಕೆ ಆ ವೃತ್ತಿಯವರು 'ಆರ್‌ಟಿಓ' ಎನ್ನುತ್ತಾರೆ. ನಮಗೆ ನೆನಪಾಗುವುದು ಡ್ರೈವಿಂಗ್ ಲೈಸೆನ್ಸು. 2021ರ ಫೆಬ್ರವರಿ 24ರಂದು ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಸುಮಾರು ನಾಲ್ಕು ಗಂಟೆ ವ್ಯವಹಾರ ನಿಂತಿತು. ಬದಲಿ ಕೇಂದ್ರ ಇತ್ತು, ಅಲ್ಲಿಗೆ ಹೋಗಲಿಲ್ಲ. ಆಮೇಲೆ ಸೆಬಿ ನಿಮಿಷಗಳ ಲೆಕ್ಕದಲ್ಲಿ ಗಡುವು ಹಾಕಿತು. ಯಾವಾಗ ದನ ಎಬ್ಬಿಸಬೇಕೆಂದು ಕಾವಲಿನಲ್ಲಿ ದನ ಕಾಯುವ ಕಿಲಾರಿಗೆ ಗೊತ್ತಿರುತ್ತಿತ್ತು; ಅವನು ಯಾರ ಸಹಿಗೂ ಕಾಯುತ್ತಿರಲಿಲ್ಲ.

ಈಗ ವರವು ಕಾವಲಿಗೆ ವಾಪಸು. 2010ರ ಆಸುಪಾಸು ಚಳ್ಳಕೆರೆಯ ಕಾವಲುಗಳನ್ನು ವಿಜ್ಞಾನ ಸಂಸ್ಥೆಗಳಿಗೆ ಹಂಚಲಾಯಿತು. ಡಿಆರ್‌ಡಿಓಗೆ 4,290 ಎಕರೆ, ಅಣು ಸಂಶೋಧನೆಯ ಬಾರ್ಕ್‌ಗೆ ಉಳ್ಳಾರ್ತಿಯಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ. ಸುತ್ತ ಗೋಡೆ ಎದ್ದಿತು. ವಿವಾದ 2013ರಲ್ಲಿ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ವರವು ಕಾವಲಿನ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. ಮಾನವರಹಿತ ವಿಮಾನಗಳನ್ನು ಪರೀಕ್ಷಿಸಲು ದೇಶಕ್ಕೆ ಇಂಥ ಜಾಗ ಬೇಕು, ನಿಜ. ನನ್ನ ತಕರಾರು ಒಂದು ಪದದ ಮೇಲೆ. ಆ ನೆಲ 'ಖಾಲಿ' ಇತ್ತು ಎಂದರಲ್ಲ, ಅದರ ಮೇಲೆ.

ಆ ಖಾಲಿ ನೆಲದ ಹುಲ್ಲು ಕುರಿಗೆ, ಕುರಿಯ ಉಣ್ಣೆ ಮಗ್ಗಕ್ಕೆ, ಮಗ್ಗದ ಕಂಬಳಿ ಚಳ್ಳಕೆರೆ ಸಂತೆಗೆ. ಇದು ಒಂದು ಸರಬರಾಜಿನ ಸರಪಳಿ. ಮೊದಲ ಕೊಂಡಿಯೇ ಗೋಡೆಯ ಆಚೆ ಉಳಿಯಿತು. ಶೇಂಗಾದ ಸರಪಳಿಯೂ ಹೀಗೆಯೇ: ಬೆಳೆ ವಿಮೆ ಶೇಂಗಾ ಹೋದರೆ ರೈತನಿಗೆ ಒಂದಿಷ್ಟು ಕೊಟ್ಟೀತು. ಅದೇ ಶೇಂಗಾ ಬಾರದೆ ನಿಂತ ಎಣ್ಣೆ ಗಾಣದ ಮಾಲೀಕನಿಗಾಗಲಿ ಹಮಾಲಿಗಾಗಲಿ ಅದರಲ್ಲಿ ಜಾಗವಿಲ್ಲ. ಎಣ್ಣೆ ನಗರಿ ಎನಿಸಿಕೊಂಡಿದ್ದ ಚಳ್ಳಕೆರೆಯಲ್ಲಿ ಗಾಣಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಯಾವ ಕೈಪಿಡಿಯೂ ವಿಪತ್ತು ಎಂದು ಬರೆದುಕೊಳ್ಳಲಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಗುಣಿಮಗ್ಗಕ್ಕೆ ಮಳೆನೀರು ನುಗ್ಗಿದ ದಿನ ನೇಕಾರನಿಗೆ 'ಬದಲಿ ಕೇಂದ್ರ' ಎಂದರೆ ನೆಂಟರ ಮನೆಯ ಜಗುಲಿ.

2024ರಲ್ಲಿ ಇಸ್ರೋ ತನ್ನ ಪುಷ್ಪಕ್ ನೌಕೆಯನ್ನು ವರವು ಕಾವಲಿನ ಇದೇ ಪರೀಕ್ಷಾ ವಲಯದ ಮೇಲೆ ಹೆಲಿಕಾಪ್ಟರಿನಿಂದ ಎರಡು ಸಲ ಕೆಳಗೆ ಬಿಟ್ಟಿತು. ಮಾರ್ಚ್‌ನಲ್ಲಿ ಬೇಕೆಂದೇ ರನ್‌ವೇ ನೇರದಿಂದ 150 ಮೀಟರ್ ಪಕ್ಕಕ್ಕೆ, ಜೂನ್‌ನಲ್ಲಿ 500 ಮೀಟರ್ ಪಕ್ಕಕ್ಕೆ. ದಾರಿ ತಪ್ಪಿದರೆ ತಾನೇ ಸರಿಪಡಿಸಿಕೊಂಡು ಇಳಿಯುತ್ತದೆಯೇ ಎಂದು ನೋಡಲು. ಎರಡೂ ಸಲ ಇಳಿಯಿತು. ಹೀಗೆ ತಾಲೀಮು ಮಾಡುವುದನ್ನು ಮೇವಿನ ವಿಷಯದಲ್ಲಿ ಕಾಣೆ. ಬರ ಘೋಷಣೆಯಾಗಬೇಕು, ಆದೇಶ ಬರಬೇಕು, ಟೆಂಡರ್ ಆಗಬೇಕು, ಆಮೇಲೆ ಗೋಶಾಲೆ, ಮೇವು ಬ್ಯಾಂಕ್. ಈ ಸೀಮೆಯ ಮ್ಯಾಸಬೇಡ ಸಮುದಾಯದ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಅಷ್ಟರಲ್ಲಿ ದಾನಿಗಳಿಗೆ ಹೇಳಿಕಳಿಸಿ, ಲಾರಿಯಲ್ಲಿ ಹುಲ್ಲು ಬರುವ ದಾರಿ ಕಾಯುತ್ತಿರುತ್ತಾರೆ.