ವಿಶ್ವವಿದ್ಯಾಲಯದ ಧ್ಯೇಯ ಮತ್ತು ಸಮುದಾಯ: ಆಳಂದ, ಅಫಜಲಪುರ, ಜೇವರ್ಗಿ

ವಿಶ್ವವಿದ್ಯಾಲಯವೊಂದರ ಧ್ಯೇಯಗಳನ್ನು ಅದರ ಅಧ್ಯಾಪಕರು, ವಿದ್ಯಾರ್ಥಿಗಳು, ಸಿಬ್ಬಂದಿ ಎಷ್ಟು ಬಲ್ಲರು, ಎಷ್ಟು ಒಪ್ಪುತ್ತಾರೆ ಎಂಬುದನ್ನು ಅಳೆಯುವುದು ಸುಲಭವಲ್ಲ. ಅಮೆರಿಕದಲ್ಲಿ ಎಡ್ವರ್ಡ್ ಗ್ರಾಸ್ ಮತ್ತು ಪಾಲ್ ಗ್ರಾಂಬ್ಶ್ 1964ರಲ್ಲಿ ವಿಶ್ವವಿದ್ಯಾಲಯಗಳಲ್ಲಿ ನಡೆಸಿದ ಸಮೀಕ್ಷೆ ಪ್ರತಿ ಗುರಿಯ ಬಗ್ಗೆಯೂ ಎರಡು ಪ್ರಶ್ನೆ ಕೇಳಿತು: ಇದಕ್ಕೆ ಈಗ ಎಷ್ಟು ಮಹತ್ವವಿದೆ, ಎಷ್ಟು ಇರಬೇಕು? ಫಲಕದ ಮೇಲೆ ಬರೆದ ಧ್ಯೇಯವಾಕ್ಯ ಬಾಯಿಪಾಠವಿದೆಯೇ ಎಂದು ಕೇಳುವುದಕ್ಕಿಂತ ಇದು ಎಷ್ಟೋ ಮೇಲು. ಆದರೂ ಉತ್ತರಿಸಿದವರು ಅಧ್ಯಾಪಕರು, ಆಡಳಿತಗಾರರು ಮಾತ್ರ, ವಿದ್ಯಾರ್ಥಿಗಳನ್ನು ಕೇಳಿರಲಿಲ್ಲ.

ಕಲಬುರಗಿ ಜಿಲ್ಲೆಯಲ್ಲಿ ಈ ಕೊರತೆ ಎದ್ದು ಕಾಣುತ್ತದೆ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಸಮುದಾಯ ಜ್ಞಾನಗಂಗಾ ಆವರಣಕ್ಕೆ ಸೀಮಿತವಲ್ಲ. ಆಳಂದ, ಅಫಜಲಪುರ, ಜೇವರ್ಗಿಯ ಪದವಿ ಕಾಲೇಜುಗಳ ಮಕ್ಕಳೂ ಅದರವರೇ. ಪರೀಕ್ಷಾ ಶುಲ್ಕ, ಹಾಲ್ ಟಿಕೆಟ್, ಅಂಕಪಟ್ಟಿಯ ಮೂಲಕವೇ ವಿಶ್ವವಿದ್ಯಾಲಯವನ್ನು ಕಾಣುವವರು ಅದರ ಧ್ಯೇಯವನ್ನು ತಿಳಿಯುವುದಾದರೂ ಹೇಗೆ? ಇನ್ನು, 2009ರ ಕಾಯ್ದೆಯಡಿ ಹುಟ್ಟಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನೆಲೆಗೊಂಡ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಜನರ ಸಾಮಾಜಿಕ, ಆರ್ಥಿಕ ಸ್ಥಿತಿ ಸುಧಾರಣೆಗೆ ವಿಶೇಷ ಗಮನ ಕೊಡಬೇಕೆಂದು ಆ ಕಾಯ್ದೆಯೇ ಹೇಳಿದೆ. ಪ್ರಾದೇಶಿಕ ಅಸಮಾನತೆ ಕುರಿತ 2002ರ ನಂಜುಂಡಪ್ಪ ಸಮಿತಿ ವರದಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ತಾಲ್ಲೂಕುಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಇವೆ. ಹೀಗಿರುವಾಗ ಆ ಧ್ಯೇಯಕ್ಕೆ ಬೆಂಬಲವಿದೆಯೇ ಎಂಬುದನ್ನು ಪಾಠ, ಸಂಶೋಧನೆಯ ವಿಷಯಗಳ ಆಯ್ಕೆಯಲ್ಲಿಯೇ ನೋಡಬೇಕು.

ಕೇಂದ್ರೀಯ ವಿಶ್ವವಿದ್ಯಾಲಯ ಇಡೀ ದೇಶದ್ದು, ಪ್ರವೇಶವೂ ದೇಶವ್ಯಾಪಿ ಪ್ರವೇಶ ಪರೀಕ್ಷೆಯಾದ ಸಿಯುಇಟಿ ಮೂಲಕ, ಅಧ್ಯಾಪಕರನ್ನು ಮೂರು ತಾಲ್ಲೂಕಿಗೆ ಕಟ್ಟಿಹಾಕಬಾರದು ಎಂಬ ಆಕ್ಷೇಪ ನ್ಯಾಯವಾದದ್ದು. ಸಂಶೋಧಕರ ಸ್ವಾತಂತ್ರ್ಯ ಉಳಿಯಲೇಬೇಕು. ಆದರೆ ಇಲ್ಲಿನ ಪ್ರಶ್ನೆಗಳು ಸಣ್ಣವಲ್ಲ. ಕಾಯಿ ಕಟ್ಟುವ ಹೊತ್ತಿಗೆ ಒಣಗಿ ನಿಂತ ತೊಗರಿ ಗಿಡದ ಕಾಂಡ ಸೀಳಿದರೆ ನೆಟೆ ರೋಗದ ಕಪ್ಪು ಗೆರೆ ಕಾಣುತ್ತದೆ. ಅದು ಜೀವವಿಜ್ಞಾನದ ಪ್ರಶ್ನೆ. ಬೆಳೆ ಹೋದ ಮೇಲೆ ಸಾಲ, ಮುಂಬೈ, ಪುಣೆಗೆ ಗುಳೆ. ಅದು ಅರ್ಥಶಾಸ್ತ್ರದ್ದು, ಸಮಾಜಶಾಸ್ತ್ರದ್ದು. ರೋಗನಿರೋಧಕ ತಳಿ ಕೃಷಿ ವಿಶ್ವವಿದ್ಯಾಲಯದ ಹೊಣೆ ಎಂದು ಕೈಕಟ್ಟಿ ಕೂರುವಂತಿಲ್ಲ.

ಧ್ಯೇಯದ ಪ್ರಚಾರ ಹೆಚ್ಚಿಸಿದರೆ ಸಾಕು ಎಂಬ ವಾದವೂ ಇದೆ. ಪ್ರಚಾರದಿಂದ ಅರಿವು ಬಂದೀತು, ಒಪ್ಪಿಗೆ ಬರುವುದಿಲ್ಲ. ಗುರಿಗಳನ್ನು ರೂಪಿಸುವ ಚರ್ಚೆಯಲ್ಲಿ ಪಾಲು ಸಿಕ್ಕವರಷ್ಟೇ ಅವುಗಳ ಹೊಣೆ ಹೊರುತ್ತಾರೆ. ಕೇಂದ್ರೀಯ ವಿಶ್ವವಿದ್ಯಾಲಯದ ವಾರ್ಷಿಕ ವರದಿ ಸಂಸತ್ತಿನ ಮುಂದೆ ಮಂಡನೆಯಾಗುತ್ತದೆ. ಅದೇ ಲೆಕ್ಕವನ್ನು ಕನ್ನಡದಲ್ಲಿ, ಪ್ರಶ್ನೆ ಕೇಳಲು ಅವಕಾಶವಿಟ್ಟು, ಜೇವರ್ಗಿ, ಅಫಜಲಪುರದ ಕಾಲೇಜುಗಳಲ್ಲೂ ಒಪ್ಪಿಸಬೇಕು.